ವೈದ್ಯರೊಬ್ಬರ ಬದುಕನ್ನು ಬರೆಯುವ ಬಗೆ: ಶಾಪು, ಸಂಸಾರ, ಕಲೆ

ನಮ್ಮ ಊರುಗಳಲ್ಲಿ ಒಂದೇ ಬೀದಿಯಲ್ಲಿ ಮೂವತ್ತು ನಲವತ್ತು ವರ್ಷ ಕುಳಿತು ರೋಗಿಗಳನ್ನು ನೋಡಿದ, ಅದರ ಜೊತೆಗೇ ಜಲವರ್ಣದಲ್ಲಿ ಚಿತ್ರ ಬರೆದ, ಪಿಟೀಲು ನುಡಿಸಿದ, ಹವ್ಯಾಸಿ ಮೇಳದಲ್ಲಿ ವೇಷ ಕಟ್ಟಿದ ಅಥವಾ ಕಥೆ ಬರೆದ ವೈದ್ಯರು ಅಪರೂಪವೇನಲ್ಲ. ಅಂಥವರು ತೀರಿಕೊಂಡ ಮೇಲೆ ಮನೆಯವರೋ ಅಭಿಮಾನಿಗಳೋ ಸೇರಿ ಒಂದು ನೆನಪಿನ ಪುಸ್ತಕ ತರುತ್ತಾರೆ. ಆ ಪುಸ್ತಕಗಳಲ್ಲಿ ‘ಬಡವರ ಬಂಧು’, ‘ಕೈಗುಣದ ಡಾಕ್ಟರು’, ‘ಸರಳ ಸಜ್ಜನ’ ಎಂಬ ಮಾತುಗಳು ಪುಟಪುಟದಲ್ಲೂ ಬರುತ್ತವೆ. ಆದರೆ ಆ ಮನುಷ್ಯ ಬೆಳಿಗ್ಗೆ ಎಷ್ಟು ಹೊತ್ತಿಗೆ ಶಾಪಿನ, ಅಂದರೆ ರೋಗಿಗಳನ್ನು ನೋಡುವ ಕ್ಲಿನಿಕ್ಕಿನ, ಬಾಗಿಲು ತೆಗೆಯುತ್ತಿದ್ದರು, ಕುಂಚ ಹಿಡಿಯಲು ಅವರಿಗೆ ಬಿಡುವು ಯಾವಾಗ ಸಿಗುತ್ತಿತ್ತು, ಆ ಬಿಡುವಿಗಾಗಿ ಮನೆಯಲ್ಲಿ ಯಾರು ಹೆಚ್ಚು ದುಡಿದರು ಎಂಬುದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ವೈದ್ಯಕೀಯಕ್ಕೊಂದು, ಸಂಸಾರಕ್ಕೊಂದು, ಕಲೆಗೊಂದು ಎಂದು ಮೂರು ಅಧ್ಯಾಯ ಕಟ್ಟಿ ಮುಗಿಸುವ ಬದಲು, ಈ ಮೂರೂ ಒಬ್ಬ ಮನುಷ್ಯನ ಒಂದೇ ದಿನವನ್ನು ಹೇಗೆ ಹಂಚಿಕೊಂಡವು ಎಂಬುದನ್ನು ಹುಡುಕಿ ಬರೆಯಬೇಕೆಂಬುದು ನನ್ನ ದೃಢವಾದ ನಂಬಿಕೆ. ಅಂಥ ಕೆಲಸಕ್ಕೆ ಕೈಹಾಕಿದವರಿಗೆ ಮುಂದಿನ ಮಾತುಗಳು ನೆರವಾಗಬಹುದು.

ಕಾಗದಪತ್ರ ಕೈತಪ್ಪುವ ಮುನ್ನ

ಶಾಪಿನ ಬಾಡಿಗೆ ಬಿಟ್ಟುಕೊಡುವ, ಅಟ್ಟ ಖಾಲಿ ಮಾಡುವ ಗಡಿಬಿಡಿಯಲ್ಲಿಯೇ ಹೆಚ್ಚಿನ ದಾಖಲೆಗಳು ರದ್ದಿಗೆ ಹೋಗುತ್ತವೆ. ಆದ್ದರಿಂದ ಒಂದು ವಸ್ತುವನ್ನೂ ಕದಲಿಸದೆ ಶಾಪು, ಮನೆಯ ಓದುವ ಮೂಲೆ, ಬಣ್ಣದ ಪೆಟ್ಟಿಗೆ ಇಟ್ಟಿದ್ದ ಜಾಗ ಎಲ್ಲವನ್ನೂ ಮೊದಲು ಫೋಟೊ ತೆಗೆದುಕೊಳ್ಳಿ. ಸ್ಟೆತಾಸ್ಕೋಪಿನ ಪಕ್ಕದಲ್ಲಿ ರೇಖಾಚಿತ್ರದ ಪುಸ್ತಕ ಇತ್ತೋ, ಅದು ಬೀಗ ಹಾಕಿದ ಕಪಾಟಿನೊಳಗಿತ್ತೋ ಎಂಬ ಸಂಗತಿಯೇ ಮುಂದೆ ಒಂದು ಪುಟದ ಬರವಣಿಗೆಗೆ ಆಧಾರವಾದೀತು.

ಡೈರಿಗಳು, ಬ್ಯಾಂಕಿನ ಪಾಸ್‌ಬುಕ್ಕು, ವಿಸಿಟ್‌ಗೆ ಹೋದ ಮನೆಗಳನ್ನು ಗುರುತಿಟ್ಟ ಚೀಟಿ, ಔಷಧ ಕಂಪನಿಯವರು ಕೊಟ್ಟ ಬರೆಯುವ ಪ್ಯಾಡು ಇವನ್ನೆಲ್ಲ ಉಳಿಸಿಕೊಳ್ಳಿ. ಚಿತ್ರ ಬರೆಯುವ ವೈದ್ಯರು ರೋಗಿಗಳ ನಡುವಿನ ಎರಡು ನಿಮಿಷದಲ್ಲಿ ಕೈಗೆ ಸಿಕ್ಕ ಪ್ಯಾಡಿನ ಹಿಂಬದಿಯಲ್ಲಿಯೇ ಗೆರೆ ಎಳೆದಿರುತ್ತಾರೆ. ಚಿತ್ರವನ್ನಷ್ಟೇ ಕತ್ತರಿಸಿ ಚೌಕಟ್ಟು ಹಾಕಿಸಿದರೆ ಮುಂಬದಿಯ ಮಾತ್ರೆಯ ಹೆಸರೂ ಅದರಿಂದ ತಿಳಿಯಬಹುದಾಗಿದ್ದ ಕಾಲವೂ ಕಳೆದುಹೋಗುತ್ತವೆ. ಸಿಕ್ಕಿದ್ದನ್ನು ಸಿಕ್ಕ ಜಾಗದ ಹೆಸರಿನೊಂದಿಗೆ ಒಂದೊಂದು ಲಕೋಟೆಗೆ ಹಾಕಿ. ವಿಷಯವಾರು ವಿಂಗಡಣೆಗೆ ಆತುರ ಬೇಡ, ಏಕೆಂದರೆ ಬಿಲ್ಲು, ಪತ್ರ, ಚಿತ್ರ ಒಟ್ಟಿಗೆ ಇದ್ದುದೇ ಅವು ಒಂದೇ ವಾರದವು ಎಂಬುದಕ್ಕೆ ಇರುವ ಏಕೈಕ ಸಾಕ್ಷಿಯಾಗಿರಬಹುದು.

ಕಾಗದದ ಮೇಲಿನ ಚಿತ್ರಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿ. ಎರಡನ್ನೂ ಮತ್ತೆ ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಬೂಷ್ಟು ಜಲವರ್ಣದ ದೊಡ್ಡ ಶತ್ರು. ಗೋಡೆಗೆ ತಾಗದ, ಗಾಳಿಯಾಡುವ ಕಪಾಟಿನಲ್ಲಿ ಆಮ್ಲರಹಿತ ಕಾಗದದ ನಡುವೆ ಮಲಗಿಸಿಡುವುದು ಕ್ಷೇಮ. ನೇರ ಬಿಸಿಲು ಬೀಳದ ಬೆಳಕಿನಲ್ಲಿ ಪ್ರತಿಯೊಂದನ್ನೂ ಎರಡೂ ಬದಿ ಫೋಟೊ ತೆಗೆದು, ಹಿಂಬದಿಯ ಅಂಚಿನಲ್ಲಿ ಮೆದುವಾದ ಪೆನ್ಸಿಲ್ಲಿನಿಂದ ಸಂಖ್ಯೆ ಬರೆಯಿರಿ. ಸಂಗೀತದ ಕ್ಯಾಸೆಟ್ಟುಗಳಿದ್ದರೆ ಉಳಿದೆಲ್ಲ ಕೆಲಸಕ್ಕಿಂತ ಮೊದಲು ಅವನ್ನು ಡಿಜಿಟಲ್ ರೂಪಕ್ಕೆ ತರಿಸಿ, ಏಕೆಂದರೆ ಟೇಪು ಪ್ರತಿ ವರ್ಷವೂ ಒಂದಿಷ್ಟು ಕೆಡುತ್ತಲೇ ಇರುತ್ತದೆ.

ಕುಟುಂಬದ ಒಬ್ಬರು ಈ ಹೊಣೆಯನ್ನು ಮನಸಾರೆ ಹೊತ್ತರೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ರಷ್ಯದ ಲೇಖಕ ಆಂಟನ್ ಚೆಕಾಫ್ ಮನೆತನವೇ ಸಾಕ್ಷಿ. ಮಾಸ್ಕೋದಲ್ಲಿ 1884ರಲ್ಲಿ ವೈದ್ಯಕೀಯ ಮುಗಿಸಿದ, 1892ರಿಂದ ಮೆಲಿಖೊವೊ ಹಳ್ಳಿಯಲ್ಲಿದ್ದು ರೈತರಿಗೆ ಔಷಧ ಕೊಟ್ಟ, ಕಾಲರಾ ತಡೆಯುವ ಕೆಲಸವನ್ನು ಹೊತ್ತ ಆ ಲೇಖಕ 1904ರಲ್ಲಿ ತೀರಿಕೊಂಡರು. ಅವರ ತಂಗಿ ಮರಿಯಾ 1957ರಲ್ಲಿ ತಾವು ತೀರಿಕೊಳ್ಳುವವರೆಗೂ ಅಣ್ಣನ ಯಾಲ್ಟಾದ ಮನೆಯನ್ನೂ ಕಾಗದಗಳನ್ನೂ ಕಾಪಾಡಿದರು. ನಮ್ಮ ಮನೆಗಳಲ್ಲಿಯೂ ಅಂಥ ಒಬ್ಬರು ಬೇಕು, ಅವರ ಹೆಸರು ಪುಸ್ತಕದಲ್ಲಿಯೂ ಇರಬೇಕು.

ಓದಿದ್ದೆಲ್ಲಿ, ನೋಂದಣಿಯಾದದ್ದೆಲ್ಲಿ

ಹಿಂದಿನ ತಲೆಮಾರಿನ ವೈದ್ಯರ ಓದಿನ ಕಾಲವನ್ನು ಬರೆಯುವಾಗ ಹಳೆಯ ನಕ್ಷೆಯನ್ನು ಮುಂದಿಟ್ಟುಕೊಳ್ಳಬೇಕು. 1956ರ ನವೆಂಬರ್ 1ರ ಏಕೀಕರಣದವರೆಗೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತಾದ್ದರಿಂದ ಧಾರವಾಡ, ಬೆಳಗಾವಿ, ಕಾರವಾರದ ಹುಡುಗರು ವೈದ್ಯಕೀಯಕ್ಕಾಗಿ ಮುಂಬಯಿ, ಪುಣೆಯ ಕಡೆ ನೋಡುತ್ತಿದ್ದರು, ಮಂಗಳೂರು, ಉಡುಪಿಯವರು ಮದರಾಸಿನ ಕಡೆಗೆ, ಕಲಬುರಗಿ, ಬೀದರ್, ರಾಯಚೂರಿನವರು ಹೈದರಾಬಾದಿನ ಉಸ್ಮಾನಿಯಾ ಕಡೆಗೆ. ಉಸ್ಮಾನಿಯಾದಲ್ಲಿ ನಿಜಾಮರ ಕಾಲದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲಿಯೇ ಕಲಿಸುತ್ತಿದ್ದರು. ಮನೆಯಲ್ಲಿ ಕನ್ನಡ, ಪಾಠದಲ್ಲಿ ಉರ್ದು, ಔಷಧದ ಚೀಟಿಯಲ್ಲಿ ಇಂಗ್ಲಿಷು ಬಳಸಿದ ವೈದ್ಯರ ಕಾವ್ಯಾಭಿರುಚಿಯ ಬಗ್ಗೆ ಬರೆಯುವವರು ಇದನ್ನು ಮರೆಯಬಾರದು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಮಣಿಪಾಲದ ಕಾಲೇಜು 1953ರದು, ಬೆಂಗಳೂರಿನದು 1955ರದು, ಹುಬ್ಬಳ್ಳಿಯದು 1957ರದು. ಇಷ್ಟು ತಿಳಿದಿದ್ದರೆ ‘1950ರಲ್ಲಿ ಹುಬ್ಬಳ್ಳಿ ಮೆಡಿಕಲ್ ಕಾಲೇಜಿನಲ್ಲಿ ಓದಿದರು’ ಎಂಬಂಥ, ಬಂಧುಗಳು ಸದ್ಭಾವದಿಂದಲೇ ಹೇಳುವ ಮಾತು ಅಚ್ಚಾಗುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಏಕೀಕರಣಕ್ಕೂ ಮೊದಲಿನ ವೈದ್ಯರ ನೋಂದಣಿಯನ್ನು ಇಂದಿನ ಕರ್ನಾಟಕ ಮೆಡಿಕಲ್ ಕೌನ್ಸಿಲಿನಲ್ಲಿ ಮಾತ್ರ ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ. ಮುಂಬಯಿ, ಮದರಾಸು, ಹೈದರಾಬಾದಿನ ಹಳೆಯ ಪಟ್ಟಿಗಳಲ್ಲಿ ಅದು ಇರಬಹುದು. ಪದವಿಯನ್ನು ಇದ್ದಂತೆಯೇ ಬರೆಯಿರಿ. ಎಲ್.ಎಂ.ಪಿ. (ಪದವಿಗಿಂತ ಕಿರಿದಾದ ವೈದ್ಯಕೀಯ ಡಿಪ್ಲೊಮಾ) ಎಂದು ಬೋರ್ಡಿನಲ್ಲಿ ಬರೆಸಿಕೊಂಡಿದ್ದವರನ್ನು ಪುಸ್ತಕದಲ್ಲಿ ಎಂ.ಬಿ.ಬಿ.ಎಸ್. ಮಾಡುವುದು ಗೌರವವಲ್ಲ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ನಂತರ ಆ ಡಿಪ್ಲೊಮಾ ಕ್ರಮೇಣ ನಿಂತುಹೋಯಿತು, ಆದರೆ ಅದಕ್ಕೂ ಮುಂಚೆ ಹಳ್ಳಿಗಳ ವೈದ್ಯಕೀಯದ ದೊಡ್ಡ ಭಾರವನ್ನು ಹೊತ್ತವರು ಅವರೇ.

ಅವರು ಕಂಡ ಕಾಯಿಲೆಗಳಿಗೂ ಕಾಲದ ಗುರುತಿದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗನ ಕಾಯಿಲೆ ಗುರುತಿಗೆ ಬಂದದ್ದು 1957ರಲ್ಲಿ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ದೊರೆಯತೊಡಗಿದ್ದು ಎರಡನೆಯ ಮಹಾಯುದ್ಧದ ನಂತರ. 1940ರಲ್ಲಿ ವೃತ್ತಿಗಿಳಿದವರಿಗೂ 1960ರಲ್ಲಿ ಇಳಿದವರಿಗೂ ಕ್ಷಯದ ರೋಗಿಯ ಮುಂದೆ ಕುಳಿತಾಗ ಇದ್ದ ಭರವಸೆ ಒಂದೇ ಅಲ್ಲ, ಅದು ಅವರ ಕಥೆಗಳಲ್ಲಿ, ಚಿತ್ರಗಳಲ್ಲಿ ಕಾಣಿಸದೆ ಹೋಗುವುದಿಲ್ಲ.

ಯಾರನ್ನು ಕೇಳಬೇಕು, ಏನು ಕೇಳಬೇಕು

ಮೊದಲು ಕಾಂಪೌಂಡರನ್ನು ಅಥವಾ ನರ್ಸನ್ನು ಕಾಣಿ. ಮಿಕ್ಸ್‌ಚರ್ ಬಾಟಲಿಗೆ ಹೊತ್ತುಹೊತ್ತಿನ ಅಳತೆಯ ಗುರುತಿಗೆಂದು ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದವರು ಅವರು. ಡಾಕ್ಟರು ಸಿಟ್ಟಾದ ದಿನ, ಫೀಸು ಬೇಡವೆಂದ ದಿನ, ರೋಗಿಯನ್ನು ಉಳಿಸಿಕೊಳ್ಳಲಾಗದೆ ಒಳಗಿನ ಕೋಣೆಯಲ್ಲಿ ಒಬ್ಬರೇ ಕುಳಿತ ದಿನ ಅವರಿಗೆ ಗೊತ್ತು. ‘ಹೇಗಿದ್ದರು’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ‘ಬಾಗಿಲು ತೆರೆದ ಕೂಡಲೇ ಮೊದಲು ಏನು ಮಾಡುತ್ತಿದ್ದರು’, ‘ಮಧ್ಯಾಹ್ನದ ಊಟ ಶಾಪಿಗೆ ಬರುತ್ತಿತ್ತೋ ಅವರೇ ಮನೆಗೆ ಹೋಗುತ್ತಿದ್ದರೋ’, ‘ಕಡಿಮೆ ಜನ ಬರುವ ವಾರ ಯಾವುದು’, ‘ರಾತ್ರಿ ಕರೆ ಬಂದರೆ ಯಾವ ವಾಹನ’ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಮುಂಚಿತವಾಗಿ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಅವರ ಕನ್ನಡವನ್ನು ತಿದ್ದಬೇಡಿ.

ಸಂಗಾತಿಯೊಡನೆ ಮಾತಾಡಲು ಒಂದು ಮಧ್ಯಾಹ್ನ ಸಾಲದು. ವೈದ್ಯರ ಮನೆಯಲ್ಲಿ ಅಪರಾತ್ರಿ ಬಾಗಿಲು ಬಡಿದರೆ ಮೊದಲು ಎದ್ದವರು ಯಾರು? ಶಾಪಿನ ಲೆಕ್ಕ ಬರೆದವರು, ಮಕ್ಕಳ ಪರೀಕ್ಷೆಯ ಕಾಲದಲ್ಲಿ ಜೊತೆಗೆ ಕುಳಿತವರು, ಅತ್ತೆ ಮಾವಂದಿರ ಕೊನೆಗಾಲ ನೋಡಿದವರು ಯಾರು? ಭಾನುವಾರದ ಮೂರು ಗಂಟೆ ಡಾಕ್ಟರು ತಂಬೂರಿಯ ಮುಂದೆ ಕುಳಿತಿರುತ್ತಿದ್ದಾಗ ಬಂದವರಿಗೆ ‘ಈಗ ಸಿಗುವುದಿಲ್ಲ’ ಎಂದು ಹೇಳುವ ಅಪ್ರಿಯ ಕೆಲಸ ಯಾರ ಪಾಲಿಗಿತ್ತು? ಈ ಪ್ರಶ್ನೆಗಳ ಉತ್ತರವಿಲ್ಲದ ಜೀವನಚರಿತ್ರೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆಂದು ನಾನು ಬಲವಾಗಿ ನಂಬುತ್ತೇನೆ. ‘ಪತ್ನಿಯ ಸಹಕಾರ ಸ್ಮರಣೀಯ’ ಎಂಬ ಒಂದು ಸಾಲಿನ ಬದಲು ಆಕೆ ಬಿಟ್ಟುಕೊಟ್ಟ ಓದು, ಕೆಲಸ, ಸಂಗೀತ ಯಾವುದೆಂದು ಹೆಸರಿಟ್ಟು ಬರೆಯಿರಿ. ವೈದ್ಯೆಯ ಜೀವನವಾದರೆ ಇದೇ ಪ್ರಶ್ನೆಯನ್ನು ಪತಿಗೂ ಕೇಳಿ. ಮಕ್ಕಳು ತಂದೆಯ ಗೈರುಹಾಜರಿಯ ಬಗ್ಗೆ ನೋವಿನಿಂದ ಮಾತಾಡಿದರೆ ಅದನ್ನು ಮೃದುಗೊಳಿಸದೆ, ಅವರ ಒಪ್ಪಿಗೆಯೊಂದಿಗೆ, ಇದ್ದಂತೆ ಇರಿಸಿ.

ಮೂರು ಸಾಲಿನ ಹಾಳೆ

ಇಷ್ಟು ಕೂಡಿಬಂದ ಮೇಲೆ ಗೋಡೆಗೆ ಅಂಟಿಸಬಹುದಾದ ಉದ್ದನೆಯ ಹಾಳೆಯೊಂದರಲ್ಲಿ ವರ್ಷಗಳನ್ನು ಅಡ್ಡಲಾಗಿ ಬರೆದು, ಅವುಗಳ ಕೆಳಗೆ ವೃತ್ತಿ, ಮನೆ, ಕಲೆ ಎಂಬ ಮೂರು ಸಾಲು ಹಾಕಿಕೊಳ್ಳಿ. ವರ್ಗಾವಣೆ, ಸಾಂಕ್ರಾಮಿಕ, ಸ್ವಂತ ಶಾಪು ಮೊದಲ ಸಾಲಿಗೆ. ಮದುವೆ, ಹೆರಿಗೆ, ಸಾಲ, ಸಾವು, ಮನೆ ಕಟ್ಟಿದ್ದು ಎರಡನೆಯದಕ್ಕೆ. ತಾರೀಕು ಇರುವ ಪ್ರತಿ ಚಿತ್ರ, ಸಂಗೀತ ಕಚೇರಿ, ವೇಷ, ಅಚ್ಚಾದ ಬರಹ ಮೂರನೆಯದಕ್ಕೆ. ಆಮೇಲೆ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಿ. ಮೂರನೆಯ ಸಾಲಿನಲ್ಲಿ ಖಾಲಿ ಉಳಿದ ವರ್ಷಗಳೇ ನಿಮ್ಮ ಮುಖ್ಯ ಸಾಮಗ್ರಿ. ಆರು ವರ್ಷ ಒಂದೂ ಚಿತ್ರ ಬರೆಯದಿದ್ದಾಗ ಮೇಲಿನ ಎರಡು ಸಾಲಿನಲ್ಲಿ ಏನಾಗುತ್ತಿತ್ತು? ತಾಯಿಯ ಪಾರ್ಶ್ವವಾಯುವೋ, ಒಬ್ಬರೇ ವೈದ್ಯರಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರವೋ, ತಂಗಿಯರ ಮದುವೆಯ ಸಾಲವೋ? ಇದಕ್ಕೆ ತದ್ವಿರುದ್ಧವಾಗಿ, ಅತ್ಯಂತ ಕಷ್ಟದ ವರ್ಷದಲ್ಲಿಯೇ ಅತಿ ಹೆಚ್ಚು ಕೃತಿಗಳು ಹುಟ್ಟಿರುವುದೂ ಉಂಟು. ಆಗ ಕಲೆ ಆ ವ್ಯಕ್ತಿಗೆ ಬಿಡುವಿನ ವಿನೋದವಾಗಿತ್ತೇ, ಉಸಿರಾಡಲು ಬೇಕಾದ ಜಾಗವಾಗಿತ್ತೇ ಎಂಬ ಪ್ರಶ್ನೆಗೆ ಹಾಳೆಯೇ ಉತ್ತರ ತೋರಿಸುತ್ತದೆ.

ಮೂರನೆಯ ಸಾಲನ್ನು ತುಂಬಲು ಗ್ರಂಥಾಲಯಗಳಿಗೆ ಹೋಗಬೇಕಾಗುತ್ತದೆ. 1948ರಿಂದ ಬರುತ್ತಿರುವ ಪ್ರಜಾವಾಣಿ, 1956ರಲ್ಲಿ ಶುರುವಾದ ಕಸ್ತೂರಿ, 1965ರಲ್ಲಿ ಶುರುವಾದ ಸುಧಾ ಇವುಗಳ ಹಳೆಯ ಸಂಚಿಕೆಗಳಲ್ಲಿ ವೈದ್ಯರ ಆರೋಗ್ಯ ಲೇಖನಗಳೂ ಕಥೆಗಳೂ ಇರುವ ಸಂಭವ ಹೆಚ್ಚು. ಗುಪ್ತನಾಮದಲ್ಲಿ ಬರೆಯುವುದು ವೈದ್ಯರಲ್ಲಿ ಸಾಮಾನ್ಯವಾಗಿತ್ತಾದ್ದರಿಂದ ಆ ಹೆಸರುಗಳನ್ನು ಗೆಳೆಯರಿಂದ ಮೊದಲೇ ತಿಳಿದುಕೊಳ್ಳಿ. ಆಕಾಶವಾಣಿಯಲ್ಲಿ ಮಾತಾಡಿದ್ದರೆ ಒಪ್ಪಂದದ ಪತ್ರ ಮನೆಯಲ್ಲಿ ಸಿಕ್ಕೀತು. ನಾಟಕ, ಯಕ್ಷಗಾನಗಳಿಗೆ ಕರಪತ್ರವೇ ದಾಖಲೆ.

ಕಲೆಯ ಮೌಲ್ಯವನ್ನು ಹೇಳುವಾಗ ಆ ಕಲೆ ಬಲ್ಲ, ಕುಟುಂಬಕ್ಕೆ ಸೇರದ ಒಬ್ಬರಿಗೆ ಕೃತಿಗಳನ್ನು ತೋರಿಸಿ. ‘ಮಹಾನ್ ಕಲಾವಿದ’ ಎಂಬ ಬಿರುದು ಎಲ್ಲರಿಗೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ‘ಮುಖಗಳಲ್ಲಿ ಗಟ್ಟಿ, ಮರಗಿಡಗಳಲ್ಲಿ ಮೆದು; ಕೈಬೆರಳುಗಳನ್ನು ಮಾತ್ರ ಅಂಗರಚನೆ ಬಲ್ಲವರಂತೆ ಬರೆದಿದ್ದಾರೆ’ ಎಂಬಂಥ ಮಾತು ಹತ್ತು ಬಿರುದುಗಳಿಗಿಂತ ಹೆಚ್ಚು ತಿಳಿಸುತ್ತದೆ.

ರೋಗಿಯ ಗುಟ್ಟು

ಹಳೆಯ ಕೇಸ್ ಪುಸ್ತಕಗಳು ಕೈಗೆ ಸಿಕ್ಕಾಗ ಬರೆಯುವವರ ಮನಸ್ಸು ಸಹಜವಾಗಿಯೇ ಆಸೆಪಡುತ್ತದೆ. ಅಲ್ಲಿ ತಡೆದು ನಿಲ್ಲಬೇಕು. ರೋಗಿ ವೈದ್ಯರಿಗೆ ಹೇಳಿದ್ದು ವೈದ್ಯರಿಗೆ ಮಾತ್ರ. ವೈದ್ಯರು ತೀರಿಕೊಂಡರೆಂದು ಆ ಗುಟ್ಟು ಮಕ್ಕಳ ಆಸ್ತಿಯಾಗುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳು ರೋಗಿಯ ಗುಟ್ಟನ್ನು ಬಯಲು ಮಾಡುವುದನ್ನು ದುರ್ನಡತೆಯೆಂದೇ ಎಣಿಸುತ್ತವೆ, ಎಚ್‌ಐವಿ ಸೋಂಕಿನ ವಿಷಯದಲ್ಲಿ 2017ರ ಕಾಯ್ದೆಯ ರಕ್ಷಣೆ ಬೇರೆ ಇದೆ. ಕಾನೂನನ್ನು ಬದಿಗಿಟ್ಟರೂ, ಕುಷ್ಠ, ಕ್ಷಯ, ಗರ್ಭಪಾತ, ಮನೋರೋಗ ಇವುಗಳ ಒಂದು ಸುಳಿವು ಸಣ್ಣ ಊರಿನಲ್ಲಿ ಮೊಮ್ಮಕ್ಕಳ ಮದುವೆಯವರೆಗೂ ಬೆನ್ನು ಬಿಡುವುದಿಲ್ಲ.

ಹೆಸರು ಬದಲಿಸಿದರೆ ಸಾಕೆಂದು ತಿಳಿಯಬೇಡಿ. ಬೀದಿ, ಕಸುಬು, ಜಾತಿ, ಆ ವರ್ಷದ ಜಾತ್ರೆ ಇಷ್ಟನ್ನು ಉಳಿಸಿಕೊಂಡರೆ ಊರಿನವರು ಕ್ಷಣಮಾತ್ರದಲ್ಲಿ ಗುರುತಿಸುತ್ತಾರೆ. ರೋಗಿ ಅಥವಾ ಅವರ ಮನೆಯವರು ತಾವಾಗಿ ಮುಂದೆ ಬಂದು, ಬರೆದದ್ದನ್ನು ಓದಿ ಕೇಳಿ, ಸಹಿ ಮಾಡಿ ಒಪ್ಪಿದ ಪ್ರಸಂಗಗಳನ್ನಷ್ಟೇ ಬಳಸಿ; ಉಳಿದಂತೆ ‘ಆ ಬೇಸಿಗೆಯಲ್ಲಿ ವಾಂತಿಭೇದಿಯ ರೋಗಿಗಳು ಜಗಲಿಯ ಮೇಲೂ ಮಲಗಿದ್ದರು’ ಎಂಬಷ್ಟು ಸಾಮಾನ್ಯ ಚಿತ್ರ ಸಾಕು. ಇದೇ ಎಚ್ಚರ ಚಿತ್ರಗಳಿಗೂ ಬೇಕು. ವೈದ್ಯರು ಬರೆದ ರೋಗಿಯ ಮುಖಚಿತ್ರದಲ್ಲಿ ಗುರುತು ಸಿಗುವಂತಿದ್ದರೆ ಅದು ಎಷ್ಟೇ ಸುಂದರವಾಗಿರಲಿ, ಒಪ್ಪಿಗೆಯಿಲ್ಲದೆ ಅಚ್ಚು ಹಾಕಬಾರದು.

ಬರೆಯುವಾಗ

ಹುಟ್ಟಿದ ತಾರೀಕಿನಿಂದ ಶುರು ಮಾಡಲೇಬೇಕೆಂದಿಲ್ಲ. ದಾಖಲೆ ಹೆಚ್ಚಾಗಿರುವ ಒಂದು ವರ್ಷವನ್ನು ಆರಿಸಿ, ಆ ವರ್ಷದ ಒಂದು ಸಾಮಾನ್ಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಕಟ್ಟಿ. ‘ಕಲೆಯ ಮೇಲೆ ಅಪಾರ ಪ್ರೀತಿಯಿದ್ದ ಅವರು ಬಿಡುವಿಲ್ಲದ ವೃತ್ತಿಯ ನಡುವೆಯೂ ಸಾಧನೆ ಮಾಡಿದರು’ ಎಂಬ ವಾಕ್ಯದಿಂದ ಓದುಗರಿಗೆ ಏನೂ ಕಾಣುವುದಿಲ್ಲ. ಕಲ್ಪಿತ ಉದಾಹರಣೆಯಾಗಿ ಇದನ್ನು ನೋಡಿ: ‘ಎಂಟಕ್ಕೆ ಶಾಪಿನ ಬಾಗಿಲು ತೆಗೆಯಬೇಕಾಗಿದ್ದುದರಿಂದ ಐದೂವರೆಗೆ ಎದ್ದು, ಹಿತ್ತಿಲ ಬಾಗಿಲಿನ ಬೆಳಕಿನಲ್ಲಿ ಒಂದು ಗಂಟೆ ಬಣ್ಣ ಹಚ್ಚುತ್ತಿದ್ದರು, ಆ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ ಮೀಯಿಸುವ ಕೆಲಸ ಹೆಂಡತಿಯದಾಗಿತ್ತು, ಕಾಲರಾ ಬಂದ ವರ್ಷ ಮಾತ್ರ ಬಣ್ಣದ ಪೆಟ್ಟಿಗೆ ಜುಲೈಯಿಂದ ಅಕ್ಟೋಬರಿನವರೆಗೆ ಮುಚ್ಚಿಯೇ ಇತ್ತು.’ ವೃತ್ತಿ, ಮನೆ, ಕಲೆ ಒಂದೇ ವಾಕ್ಯದಲ್ಲಿ ಬಂದಿವೆ, ಹೊಗಳಿಕೆಯ ಒಂದು ಪದವೂ ಇಲ್ಲ.

ಮಾದರಿಗೆ ನಮ್ಮಲ್ಲಿಯೇ ದೊಡ್ಡ ಬದುಕುಗಳಿವೆ. ‘ರಾಶಿ’ ಎಂಬ ಹೆಸರಿನಿಂದ ಬರೆದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯನ್ನು ಹುಟ್ಟುಹಾಕಿ 1967ರವರೆಗೆ ನಡೆಸಿದರು, ಆರ್.ಕೆ. ಲಕ್ಷ್ಮಣ್ ಅವರ ಆರಂಭದ ದಿನಗಳ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದದ್ದು ಮಾತ್ರ ಹಾಸ್ಯಕ್ಕಲ್ಲ, ಮನಸ್ಸಿನ ವ್ಯಾಪಾರಗಳನ್ನು ಕುರಿತ ‘ಮನಮಂಥನ’ಕ್ಕೆ. ಇಂಥವರನ್ನು ‘ವೈದ್ಯರು, ಅಲ್ಲದೆ ಹಾಸ್ಯಲೇಖಕರು’ ಎಂದು ಒಡೆದು ಬರೆದರೆ ಎರಡೂ ಕೆಡುತ್ತವೆ. ದಿನವಿಡೀ ಜನರ ನೋವನ್ನು ಕೇಳಿದ ಕಿವಿಯೇ ಅವರ ಹಾಸ್ಯಕ್ಕೂ ಮನಸ್ಸಿನ ವಿಚಾರಕ್ಕೂ ಒದಗಿತೆಂದು ನನಗೆ ತೋರುತ್ತದೆ, ಬರೆಯುವವರು ಆ ಜೋಡಣೆಯನ್ನು ದಾಖಲೆಗಳಿಂದ ತೋರಿಸಬೇಕು.

ಡಾ. ಅನುಪಮಾ ನಿರಂಜನರ ಬದುಕು ಇನ್ನೊಂದು ಪಾಠ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ, ವೈದ್ಯೆಯಾಗಿ, ಕಾದಂಬರಿಗಾರ್ತಿಯಾಗಿ, ಹೆಣ್ಣುಮಕ್ಕಳಿಗೆ ಅವರ ದೇಹದ ವಿಚಾರವನ್ನು ಸಂಕೋಚವಿಲ್ಲದೆ ಕನ್ನಡದಲ್ಲಿ ತಿಳಿಸಿಕೊಟ್ಟ ಲೇಖಕಿಯಾಗಿ, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ ಬರೆದವರಾಗಿ ಅವರು ಮಾಡಿದ ಕೆಲಸ ಅಗಾಧ. ಪತಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದ ಮೇಲೂ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿದರು, ಅನುಪಮಾ ಸ್ವತಃ ಕ್ಯಾನ್ಸರಿನಿಂದ 1991ರಲ್ಲಿ ತೀರಿಕೊಂಡರು. ಆ ಮನೆಯಲ್ಲಿ ಬರವಣಿಗೆ, ಆರೈಕೆ, ಚಿಕಿತ್ಸೆ, ಇಬ್ಬರು ಹೆಣ್ಣುಮಕ್ಕಳ ಪಾಲನೆ ಒಂದೇ ಸೂರಿನಡಿ ನಡೆದವು. ಅಂಥ ಬದುಕನ್ನು ಬರೆಯುವಾಗ ಮನೆಯ ಕಾಯಿಲೆಯನ್ನು ‘ವೈಯಕ್ತಿಕ ಜೀವನ’ ಎಂಬ ಕೊನೆಯ ಅಧ್ಯಾಯಕ್ಕೆ ತಳ್ಳಿದರೆ ಅವರ ಕೃತಿಗಳೇ ಅರ್ಥವಾಗುವುದಿಲ್ಲ.

ಅಚ್ಚಿಗೆ ಕೊಡುವ ಮುನ್ನ

ಕರಡನ್ನು ಸಂಗಾತಿ, ಮಕ್ಕಳು, ಕಾಂಪೌಂಡರು ಮತ್ತು ಅದೇ ಕಾಲದ ಇನ್ನೊಬ್ಬ ವೈದ್ಯರು ಓದಲಿ. ವೈದ್ಯರು ಔಷಧದ ಹೆಸರು, ಕಾಯಿಲೆಯ ವಿವರಗಳಲ್ಲಿನ ತಪ್ಪು ಹಿಡಿಯುತ್ತಾರೆ. ಮನೆಯವರಲ್ಲಿ ಒಂದೇ ಘಟನೆಗೆ ಎರಡು ನೆನಪಿದ್ದರೆ ಎರಡನ್ನೂ ಹೇಳಿದವರ ಹೆಸರಿನಲ್ಲಿ ದಾಖಲಿಸಿ. ಚಿತ್ರಗಳ, ಬರಹಗಳ ಹಕ್ಕುಸ್ವಾಮ್ಯ ಅವನ್ನು ರಚಿಸಿದ ವೈದ್ಯರು ತೀರಿಕೊಂಡ ಮರುವರ್ಷದಿಂದ 60 ವರ್ಷ ವಾರಸುದಾರರಲ್ಲಿ ಇರುತ್ತದೆ, ಆದ್ದರಿಂದ ಎಲ್ಲ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಚಿತ್ರ ಕೊಂಡವರ ಬಳಿ ಚಿತ್ರವಿದ್ದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಅವರದಾಗುವುದಿಲ್ಲ.

ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯಿಂದ ಶುಲ್ಕವಿಲ್ಲದೆ ಸಿಗುತ್ತದೆ. ಗ್ರಂಥಾಲಯಗಳಿಗೆ ಪುಸ್ತಕ ಕಳಿಸುವುದನ್ನು ಕುರಿತ 1954ರ ಕಾಯ್ದೆಯಂತೆ ಕಳಿಸಬೇಕಾದ ಪ್ರತಿಗಳಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದ್ದು ಮುಖ್ಯವಾದುದು. ಅವರು ಓದಿದ ಕಾಲೇಜಿನ ಗ್ರಂಥಾಲಯಕ್ಕೂ ಶಾಪು ಇದ್ದ ಊರಿನ ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕೊಡಿ. ಮೂಲ ಚಿತ್ರಗಳು, ಪತ್ರಗಳು, ಧ್ವನಿಮುದ್ರಣಗಳು ಯಾವ ಊರಿನಲ್ಲಿ, ಯಾರ ಜವಾಬ್ದಾರಿಯಲ್ಲಿ ಇವೆ ಎಂಬುದನ್ನು ಅವರ ಒಪ್ಪಿಗೆ ಪಡೆದು ಪುಸ್ತಕದ ಒಂದು ಪುಟದಲ್ಲಿ ಅಚ್ಚು ಹಾಕಿಸಿ, ಕೇಸ್ ಪುಸ್ತಕಗಳನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡಿ.